"ಟೀಚರ, ಆ ವೈರಿ ಯಾರ್ರಿ? ನಾವೇನ್ರಿ?"

ಮಾನ್ಯ ಸಂಪಾದಕರೇ,

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಪಕ್ಕದ ಮನೆಯ ತಾಯಿ ಕಾಂಪೌಂಡಿನ ಆ ಕಡೆ ನಿಂತು, ತುಂಬ ಹಿಂಜರಿಯುತ್ತಾ ಒಂದು ಮಾತು ಕೇಳಿದರು. "ಟೀಚರ, ಸಿಟ್ಟಾಗಬ್ಯಾಡ್ರಿ. ನಿನ್ನೆ ರಾತ್ರಿ ನಿಮ್ಮ ಪ್ರಾರ್ಥನಿಯೊಳಗ ವೈರಿ ವೈರಿ ಅಂತ ಕೂಗಾಕತ್ತಿದ್ರಲ್ರಿ. ಆ ವೈರಿ ಯಾರ್ರಿ? ನಾವೇನ್ರಿ?"

ಇಪ್ಪತ್ತೆರಡು ವರ್ಷದಿಂದ ಅಕ್ಕಪಕ್ಕ ಇದ್ದೇವೆ. ಪಂಚಮಿಗೆ ಅವರ ಮನೆಯ ಶೇಂಗಾ ಉಂಡಿ ನಮ್ಮ ಮನೆಗೆ ಬರುತ್ತದೆ. ಕ್ರಿಸ್ಮಸ್‌ಗೆ ನಮ್ಮ ಮನೆಯ ಕರ್ಚಿಕಾಯಿ, ಕೇಕು ಅವರ ಮನೆಗೆ ಹೋಗುತ್ತದೆ. ನನ್ನ ಯಜಮಾನರು ತೀರಿಕೊಂಡ ರಾತ್ರಿ ಎಲ್ಲರಿಗಿಂತ ಮೊದಲು ಬಂದು ನನ್ನ ಪಕ್ಕ ಕೂತವರು ಅವರು. ಅಂಥವರಿಗೆ ನನ್ನ ಮನೆಯ ಪ್ರಾರ್ಥನೆ ಕೇಳಿ ಹೆದರಿಕೆಯಾಗಿದೆ. "ಇಲ್ರಿ, ಹಂಗಲ್ಲ, ಅದು ಸೈತಾನನಿಗೆ ಅಂದಿದ್ದು" ಅಂತ ಏನೋ ಹೇಳಿ ಒಳಗೆ ಬಂದೆ. ಅವತ್ತಿಡೀ ಊಟ ಸೇರಲಿಲ್ಲ.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅಂತ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ. ಇದು ನನ್ನ ನೆರೆಯವರಿಗೂ ಹೌದು, ನನ್ನ ಕ್ರೈಸ್ತ ಸಹೋದರ ಸಹೋದರಿಯರಿಗೂ ಹೌದು. ಎರಡನೆಯವರಿಗೇ ಜಾಸ್ತಿ.

ಮೊದಲು ನೆರೆಯವರಿಗೆ. ನಮ್ಮ ಬೈಬಲಿನಲ್ಲಿ ಪೌಲ ಎಂಬ ಅಪೊಸ್ತಲ, ಅಂದರೆ ಯೇಸುವಿನ ಮಾತು ಸಾರಲು ಕಳಿಸಲ್ಪಟ್ಟವನು, ಎಫೆಸ ಊರಿನ ಕ್ರೈಸ್ತ ಸಭೆಗೆ ಬರೆದ ಒಂದು ಪತ್ರ ಇದೆ. ಅದರ ಆರನೇ ಅಧ್ಯಾಯದಲ್ಲಿ ಆತ್ಮಿಕ ಹೋರಾಟದ ಮಾತು ಬರುತ್ತದೆ. ದೇವರು ಕೊಡುವ ಸರ್ವಾಯುಧಗಳನ್ನು ತೊಟ್ಟುಕೊಳ್ಳಿ, ಸೈತಾನನ ಎದುರು ನಿಲ್ಲಿ ಎನ್ನುತ್ತಾನೆ. ಅದರ ಬೆನ್ನಿಗೇ, ಹನ್ನೆರಡನೇ ವಚನದಲ್ಲಿ, ನಮ್ಮ ಹೋರಾಟ ಮನುಷ್ಯರ ಸಂಗಡ ಅಲ್ಲ ಎಂದು ಬಿಡಿಸಿ ಹೇಳುತ್ತಾನೆ. ಮನುಷ್ಯರ ಸಂಗಡ ಅಲ್ಲ, ಕಣ್ಣಿಗೆ ಕಾಣದ ದುರಾತ್ಮಗಳ ಸಂಗಡ. ನಮ್ಮ ಕೂಟಗಳಲ್ಲಿ ವೈರಿ ಎಂದರೆ ಅದು. ನಿಮ್ಮ ಮನೆಗಳಲ್ಲಿ ಅರಿಷಡ್ವರ್ಗ ಅಂತೀರಲ್ವಾ, ಅಲ್ಲಿ 'ಅರಿ' ಎಂದರೂ ವೈರಿಯೇ. ಕಾಮ, ಕ್ರೋಧ, ಲೋಭ ಒಳಗೇ ಕೂತು ಮನುಷ್ಯನನ್ನು ಹಾಳು ಮಾಡುತ್ತವೆ ಎಂಬುದು ನಮಗೂ ಗೊತ್ತಿರುವ ಸತ್ಯ. ನಾವು ಅದರ ಜೊತೆಗೆ, ಅವನ್ನು ಕೆರಳಿಸುವ ಒಬ್ಬ ಸೈತಾನನೂ ಇದ್ದಾನೆ ಎಂದು ನಂಬುತ್ತೇವೆ. ನಾನು ನಿಜವಾಗಿ ನಂಬುತ್ತೇನೆ. ಇದು ನನಗೆ ಸುಮ್ನೆ ಹೇಳುವ ಮಾತಲ್ಲ.

ಆದರೆ ಪಕ್ಕದ ಮನೆಯವರು ಕೇಳಿದ್ದು ತಪ್ಪು ಪ್ರಶ್ನೆಯೂ ಅಲ್ಲ. ಆ ಶುಕ್ರವಾರ ಕೂಟದಲ್ಲಿ ಏನೇನು ಪ್ರಾರ್ಥನೆ ಮಾಡಿದೆವು ಅಂತ ನೆನಪಿಸಿಕೊಂಡೆ. ಒಬ್ಬರು ಒಂದು ಪಕ್ಷದ ಹೆಸರು ಹೇಳಿ "ಅದರ ಹಿಂದಿರುವ ದುಷ್ಟ ಶಕ್ತಿಯನ್ನು ಕಟ್ಟಿಹಾಕುತ್ತೇವೆ" ಎಂದರು. ಇನ್ನೊಬ್ಬರು ಒಬ್ಬ ಮುಖಂಡನ ಹೆಸರು ಹೇಳಿ "ಅವನ ಕೋಟೆ ಕೆಡವು ಕರ್ತನೇ" ಎಂದರು. ಎಲ್ಲರೂ ಆಮೆನ್ ಎಂದೆವು. ನಾನೂ ಎಂದೆ. ನಮ್ಮ ಮನೆಯ ಕಿಟಕಿ ತೆರೆದಿತ್ತು, ಮೈಕೂ ಇತ್ತು. ಪಕ್ಕದ ಮನೆಯವರು ಓಟು ಹಾಕುವುದು ಅದೇ ಪಕ್ಷಕ್ಕೆ. ಅವರು ಅದನ್ನು ಮುಚ್ಚಿಟ್ಟವರೇ ಅಲ್ಲ. ಹಾಗಿರುವಾಗ ವೈರಿ ಎಂದರೆ ತಾವೇ ಎಂದು ಅವರಿಗೆ ಅನಿಸದೆ ಇನ್ನೇನು ಅನಿಸಬೇಕು?

ನಮ್ಮ ಕಡೆ ನೋವು ಇಲ್ಲ ಅಂತಲ್ಲ. ಇದೆ. 2008ರ ಸೆಪ್ಟೆಂಬರ್ 14ರ ಭಾನುವಾರ, ಕೆಥೋಲಿಕರಿಗೆ ಅದು ಶಿಲುಬೆಯ ಹಬ್ಬದ ದಿನ, ಮಂಗಳೂರಿನಲ್ಲಿ ಮತ್ತು ರಾಜ್ಯದ ಬೇರೆ ಕಡೆ ಪ್ರಾರ್ಥನಾಲಯಗಳ ಮೇಲೆ ದಾಳಿ ಆಯಿತು. 2021ರ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಒಂದು ಪ್ರಾರ್ಥನಾ ಸ್ಥಳದೊಳಗೆ ಜನ ಹೋಗಿ ಕೂತು ಭಜನೆ ಹಾಡಿದ್ದು ಸುದ್ದಿಯಾಯಿತು. ಅದೇ ವರ್ಷ ಡಿಸೆಂಬರ್ 23ರಂದು, ಕ್ರಿಸ್ಮಸ್‌ಗೆ ಎರಡು ದಿನ ಮೊದಲು, ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಪಾಸು ಮಾಡಿತು. 2022ರಲ್ಲಿ ಅದು ಕಾನೂನಾಯಿತು. ಮತ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು, ತಪ್ಪಿದರೆ, ಬಲವಂತ ಅಂತ ದೂರು ಬಂದರೆ, ಜೈಲು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಆ ಎರಡು ವರ್ಷದಲ್ಲಿ ನಮ್ಮ ಹಳ್ಳಿಗಳ ಚಿಕ್ಕ ಚಿಕ್ಕ ಕೂಟಗಳಲ್ಲಿ ಎಷ್ಟು ಭಯ ಇತ್ತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಬೈಬಲನ್ನು ಬಟ್ಟೆಯ ಚೀಲದ ತಳದಲ್ಲಿ, ತರಕಾರಿ ಕೆಳಗೆ ಇಟ್ಟುಕೊಂಡು ಬರುತ್ತಿದ್ದ ಹೆಂಗಸರು ನಮ್ಮಲ್ಲಿದ್ದರು. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಜನರಲ್ಲಿ ಕ್ರೈಸ್ತರು ಇಬ್ಬರೂ ಇಲ್ಲ, ಶೇಕಡಾ 1.87 ಅಷ್ಟೇ. ಅಷ್ಟು ಕಡಿಮೆ ಇರುವವರಿಗೆ ಗುಂಪು ಕಂಡರೆ ಹೆದರಿಕೆ ಆಗುತ್ತದೆ. ನೆರೆಯವರು ಇದನ್ನು ಅರ್ಥ ಮಾಡಿಕೊಳ್ಳಬೇಕು ಅಂತ ಕೈಮುಗಿದು ಕೇಳುತ್ತೇನೆ.

ಆ ಕಾನೂನು ತಪ್ಪು ಅಂತ ನಾನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಮನವಿ ಕೊಡುವುದು, ಕೋರ್ಟಿಗೆ ಹೋಗುವುದು, ಓಟು ಹಾಕುವುದು ನಮ್ಮ ಹಕ್ಕು. ಪೌಲನೇ ತನ್ನನ್ನು ಚಾವಟಿಯಿಂದ ಹೊಡೆಯಲು ಕಟ್ಟಿದಾಗ ತಾನು ರೋಮಿನ ಪ್ರಜೆ ಎಂದು ಎತ್ತಿ ಹೇಳಿದ, ಆಮೇಲೆ ರೋಮಿನ ಚಕ್ರವರ್ತಿ ಕೈಸರನ ಮುಂದೆ ನ್ಯಾಯ ಬೇಕು ಎಂದ. ಅದರಲ್ಲಿ ನಂಬಿಕೆಗೆ ಕುಂದು ಏನೂ ಇಲ್ಲ. ಆದರೆ ಒಂದು ಕಾನೂನನ್ನು ವಿರೋಧಿಸುವುದು ಬೇರೆ. ಅದನ್ನು ಒಪ್ಪಿದ ಶಾಸಕ, ಅವನಿಗೆ ಓಟು ಹಾಕಿದ ಪಕ್ಕದ ಮನೆಯವರು, ಇವರೆಲ್ಲ ಸೈತಾನನ ಸೈನ್ಯ ಅಂತ ರಾತ್ರಿ ಕೂಟದಲ್ಲಿ ಕೂಗುವುದು ಬೇರೆ. ಮೊದಲನೆಯದು ಪ್ರಜೆಯ ಕೆಲಸ. ಎರಡನೆಯದು ನಮ್ಮ ಬೈಬಲಿಗೇ ವಿರುದ್ಧ.

ಈ ಭಾಷೆ ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ. ಎಲ್ಲಿಂದ ಬಂತು ಅಂತ ಯೋಚಿಸಿದರೆ ಹೆಚ್ಚಿನದು ಫೋನಿನಿಂದ ಬಂತು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿ. ಪೀಟರ್ ವ್ಯಾಗ್ನರ್ ಎಂಬವರು ಒಂದೊಂದು ಊರಿಗೆ, ಒಂದೊಂದು ಪ್ರಾಂತಕ್ಕೆ ಒಂದೊಂದು ದುರಾತ್ಮದ ಹಿಡಿತ ಇರುತ್ತದೆ, ನಕ್ಷೆ ಹಿಡಿದು ಅದನ್ನು ಗುರುತಿಸಿ ಅದರ ಮೇಲೆ ಯುದ್ಧದ ಪ್ರಾರ್ಥನೆ ಮಾಡಬೇಕು ಎಂಬ ಬೋಧನೆಯನ್ನು ಹರಡಿದರು. ಅದು ಪುಸ್ತಕವಾಗಿ, ಸೆಮಿನಾರಾಗಿ, ಆಮೇಲೆ ಯೂಟ್ಯೂಬ್ ಆಗಿ ನಮ್ಮ ಮನೆಗಳಿಗೂ ಬಂತು. ಊರಿನ ಮೇಲೆ ದುರಾತ್ಮ ಎಂದು ಶುರುವಾದ ಮಾತು ಪಕ್ಷದ ಮೇಲೆ ದುರಾತ್ಮ ಎಂದಾಗುವುದಕ್ಕೆ ಜಾಸ್ತಿ ಕಾಲ ಹಿಡಿಯಲಿಲ್ಲ.

ಅಲ್ಲಿ ಅದು ಎಲ್ಲಿಗೆ ಮುಟ್ಟಿತು ಅಂತ ನಾವೆಲ್ಲ ನೋಡಿದ್ದೇವೆ. 2020ರ ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆಯ ಮತ ಎಣಿಕೆ ನಡೆಯುವಾಗ, ಟ್ರಂಪ್ ಅವರ ಆತ್ಮಿಕ ಸಲಹೆಗಾರರಾದ ಪೌಲಾ ವೈಟ್ ಆಫ್ರಿಕದಿಂದ ದೇವದೂತರು ಬರುತ್ತಿದ್ದಾರೆ ಎಂದು ಜೋರಾಗಿ ಪ್ರಾರ್ಥಿಸಿದ ವಿಡಿಯೋ ಇಡೀ ಲೋಕ ಸುತ್ತಿತು. ನಮ್ಮ ಗುಂಪಿಗೂ ಬಂತು. ಡಿಸೆಂಬರ್ 12ರಂದು ವಾಷಿಂಗ್ಟನ್‌ನಲ್ಲಿ ಯೆರಿಕೋ ಮೆರವಣಿಗೆ ಎಂದು ಹೆಸರಿಟ್ಟು ಜನ ಕೊಂಬು ಊದುತ್ತಾ ನಡೆದರು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಕೊಂಬು ಊದಿದಾಗ ಯೆರಿಕೋ ಪಟ್ಟಣದ ಗೋಡೆ ಬಿದ್ದ ಹಾಗೆ, ಟ್ರಂಪ್ ಸೋತ ಫಲಿತಾಂಶವೂ ಬೀಳಲಿ ಅಂತ. 2021ರ ಜನವರಿ 6ರಂದು ಅಲ್ಲಿಯ ಸಂಸತ್ ಭವನಕ್ಕೆ ನುಗ್ಗಿದ ಟ್ರಂಪ್ ಬೆಂಬಲಿಗರ ಗುಂಪಿನಲ್ಲಿ ಯೇಸು ರಕ್ಷಿಸುತ್ತಾನೆ ಎಂಬ ಬೋರ್ಡು ಇತ್ತು, ಶಿಲುಬೆ ಇತ್ತು, ನೇಣಿನ ಕಂಬವೂ ಇತ್ತು. ಸೆನೆಟ್ ಸಭಾಂಗಣದ ವೇದಿಕೆಯ ಮೇಲೆ ನಿಂತು ಯೇಸುವಿನ ನಾಮದಲ್ಲಿ ಪ್ರಾರ್ಥನೆ ಮಾಡಿದರು. ಅವತ್ತು ಸುಮಾರು 140 ಪೊಲೀಸರಿಗೆ ಗಾಯವಾಯಿತು. ನಾನು ಆ ರಾತ್ರಿ ಟಿವಿ ಮುಂದೆ ಕೂತು ಅತ್ತೆ. ನಾನು ದಿನವೂ ಮೊಣಕಾಲೂರಿ ಕರೆಯುವ ಹೆಸರು ಅದು.

ನಮ್ಮದು ಅಷ್ಟು ದೂರ ಹೋಗಿಲ್ಲ, ಹೋಗುವಷ್ಟು ಸಂಖ್ಯೆಯೂ ಇಲ್ಲ ಎಂದು ಕೆಲವರು ಹೇಳುತ್ತಾರೆ. ಆದರೆ ಬೀಜ ಒಂದೇ. 2023ರ ಮೇ 13ರಂದು ರಾಜ್ಯದ ಫಲಿತಾಂಶ ಬಂದಾಗ ನಮ್ಮ ಕೂಟದಲ್ಲಿ ಒಬ್ಬರು ಎದ್ದು ಸಾಕ್ಷಿ ಹೇಳಿದರು: "ದೇವರು ಗೆದ್ದ, ಸೈತಾನ ಸೋತ." ಚಪ್ಪಾಳೆ ಬಿತ್ತು. ಮರುವರ್ಷ ಲೋಕಸಭೆ ಚುನಾವಣೆಯಲ್ಲಿ ಇದೇ ಕರ್ನಾಟಕದ 28 ಸ್ಥಾನದಲ್ಲಿ ಬಿಜೆಪಿಗೆ 17, ಕಾಂಗ್ರೆಸ್‌ಗೆ 9, ಜೆಡಿಎಸ್‌ಗೆ 2 ಬಂತು. ಹಾಗಾದರೆ ದೇವರು ಒಂದು ವರ್ಷದಲ್ಲಿ ಸೋತುಬಿಟ್ಟನೇ? ಆಕಾಶ ಭೂಮಿಯನ್ನು ಉಂಟುಮಾಡಿದವನನ್ನು ನಾವು ಇಲೆಕ್ಷನ್ ಏಜೆಂಟನ ಮಟ್ಟಕ್ಕೆ ಇಳಿಸಿದ್ದೇವೆ. ಇದು ನನಗೆ ತುಂಬ ದುಃಖದ ವಿಷಯ. ನಮ್ಮ ಮನೆಯಲ್ಲೇ ನನ್ನ ತಮ್ಮನೂ ನನ್ನ ಅಳಿಯನೂ ಆ ಫಲಿತಾಂಶದ ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ. ಇಬ್ಬರೂ ಭಾನುವಾರ ಒಂದೇ ಪಾತ್ರೆಯಿಂದ ಕರ್ತನ ಭೋಜನ, ಅಂದರೆ ಸಭೆಯವರೆಲ್ಲ ಹಂಚಿಕೊಳ್ಳುವ ಪವಿತ್ರ ರೊಟ್ಟಿ, ದ್ರಾಕ್ಷಾರಸ, ತೆಗೆದುಕೊಳ್ಳುತ್ತಾರೆ.

ಆ ಶನಿವಾರದ ಆಮೇಲೆ ನಾನು ಎಫೆಸದವರಿಗೆ ಬರೆದ ಪತ್ರವನ್ನು ಮೊದಲಿನಿಂದ ಓದಿದೆ. ಆರನೇ ಅಧ್ಯಾಯ ಮಾತ್ರ ಅಲ್ಲ, ಇಡೀ ಪತ್ರ. ಚಿಕ್ಕದು, ಒಂದೇ ಸಲಕ್ಕೆ ಓದಬಹುದು. ನಾಲ್ಕನೇ ಅಧ್ಯಾಯಕ್ಕೆ ಬಂದಾಗ ನಿಂತುಬಿಟ್ಟೆ. ನೂರು ಸಲ ಓದಿದ ಜಾಗವೇ, ಆದರೆ ಅವತ್ತು ಕಂಡಿತು. ಸೈತಾನ ಮನುಷ್ಯನೊಳಗೆ ಯಾವ ಬಾಗಿಲಿನಿಂದ ಬರುತ್ತಾನೆ ಎಂದು ಪೌಲ ಅಲ್ಲಿಯೇ ಹೇಳಿದ್ದಾನೆ. ಸುಳ್ಳು ಬಿಡಿ, ನೆರೆಯವರ ಸಂಗಡ ನಿಜವನ್ನೇ ಆಡಿ ಎನ್ನುತ್ತಾನೆ. ಸಿಟ್ಟು ಬಂದರೂ ಸೂರ್ಯ ಮುಳುಗುವ ತನಕ ಇಟ್ಟುಕೊಳ್ಳಬೇಡಿ ಎನ್ನುತ್ತಾನೆ. ಅದರ ಮರುಮಾತೇ: ಸೈತಾನನಿಗೆ ಅವಕಾಶ ಕೊಡಬೇಡಿ. ಸುಳ್ಳು, ಆರದ ಸಿಟ್ಟು. ಪಕ್ಷವೂ ಇಲ್ಲ, ಪ್ರಾಂತದ ನಕ್ಷೆಯೂ ಇಲ್ಲ. ಬಾಗಿಲು ನಮ್ಮದೇ ಮನೆಯದು.

ಸುಳ್ಳಿನ ವಿಷಯಕ್ಕೆ ಬಂದರೆ ನಾನೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅಫ್ಘಾನಿಸ್ತಾನದಲ್ಲಿ 22 ಮಿಷನರಿಗಳಿಗೆ ನಾಳೆ ಮರಣದಂಡನೆ, ಕೂಡಲೇ ಪ್ರಾರ್ಥಿಸಿ, ಎಲ್ಲರಿಗೂ ಕಳಿಸಿ ಎಂಬ ಸಂದೇಶ ವರ್ಷಗಟ್ಟಲೆಯಿಂದ ಲೋಕ ಸುತ್ತುತ್ತಿದೆ. ಅದು ಸುಳ್ಳು. ಅದನ್ನು ನಾನು ನಂಬಿ, ಅತ್ತು, ನಲವತ್ತು ಜನರಿಗೆ ಕಳಿಸಿದ್ದೆ. ಆಮೇಲೆ ನನ್ನ ಮಗಳು ತೋರಿಸಿಕೊಟ್ಟಳು. ಸತ್ಯ ಎಂಬುದು ನಮ್ಮ ಸರ್ವಾಯುಧದಲ್ಲಿ ಮೊದಲನೆಯದು. ಅದು ನಡುಕಟ್ಟು. ಅದನ್ನು ಕಟ್ಟದಿದ್ದರೆ ಉಳಿದದ್ದು ಯಾವುದೂ ಮೈಮೇಲೆ ನಿಲ್ಲುವುದಿಲ್ಲ. ನಾನು ಕಳಿಸಿದ ಆ ಸುಳ್ಳು ಎಷ್ಟು ಜನರ ಎದೆಯಲ್ಲಿ ಇನ್ನೊಂದು ಧರ್ಮದವರ ಮೇಲೆ ಸಿಟ್ಟು ಎಬ್ಬಿಸಿತೋ. ನಲವತ್ತು ಜನರಿಗೂ ಕ್ಷಮೆ ಕೇಳಿ ಬರೆದೆ. ಅರ್ಧ ಜನ ಉತ್ತರ ಕೊಡಲಿಲ್ಲ.

ನಡುಕಟ್ಟು ಅಂದಾಗ ಇನ್ನೊಂದು ನೆನಪು. ನಾವು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಕಾಲದ ಕ್ರೈಸ್ತರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ನಿಮ್ಮ ಪತ್ರಿಕೆಗಳ ಮೂಲವೂ ಅಲ್ಲೇ ಇದೆ, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ'. ಅವರಲ್ಲಿ ಹೆಚ್ಚಿನವರು ಜರ್ಮನ್ ನಾಡಿನವರು. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಆ ಜರ್ಮನ್ ಪಾದ್ರಿಗಳನ್ನು ವೈರಿ ದೇಶದವರು ಎಂದು ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಇಟ್ಟಿತು, ಆಮೇಲೆ ದೇಶದಿಂದ ಕಳಿಸಿತು. ಮಿಷನ್ನಿನ ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಎಲ್ಲ ಬೇರೆಯವರ ಕೈಗೆ ಹೋಯಿತು. ನಮ್ಮ ಮುತ್ತಜ್ಜನಿಗೆ ದೀಕ್ಷಾಸ್ನಾನ ಕೊಟ್ಟ ಅಯ್ಯನವರು ಒಂದು ಬೆಳಿಗ್ಗೆ ವೈರಿಯಾದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಹಿಡಿದವರೂ ಕ್ರೈಸ್ತರು, ಹಿಡಿಸಿಕೊಂಡವರೂ ಕ್ರೈಸ್ತರು. ಆ ಯುದ್ಧದಲ್ಲಿ ಜರ್ಮನ್ ಸೈನಿಕರ ನಡುಪಟ್ಟಿಯ ಬಿಲ್ಲೆಯ ಮೇಲೆ 'ದೇವರು ನಮ್ಮ ಸಂಗಡ' ಎಂದು ಅವರ ಭಾಷೆಯಲ್ಲಿ ಕೆತ್ತಿರುತ್ತಿತ್ತು. ಎದುರಿಗಿದ್ದ ಇಂಗ್ಲಿಷರೂ ಅದೇ ದೇವರಿಗೇ ಪ್ರಾರ್ಥಿಸುತ್ತಿದ್ದರು. ಪೌಲ ನಡುವಿಗೆ ಸತ್ಯವನ್ನು ಕಟ್ಟಿಕೊಳ್ಳಿ ಎಂದ. ಇವರು ನಡುವಿಗೆ ದೇವರು ನಮ್ಮ ಪಕ್ಷ ಎಂದು ಕಟ್ಟಿಕೊಂಡರು. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತದೆ, ಏಕೆಂದರೆ ಆ ಶುಕ್ರವಾರ ನಾವು ಮಾಡಿದ್ದೂ ಅದನ್ನೇ.

ಸರ್ವಾಯುಧದ ಉಳಿದದ್ದನ್ನೂ ನೋಡಿ. ಎದೆಗೆ ನೀತಿ. ಕೈಯಲ್ಲಿ ನಂಬಿಕೆಯ ಗುರಾಣಿ. ತಲೆಗೆ ರಕ್ಷಣೆ. ಕತ್ತಿ ಎಂದರೆ ದೇವರ ವಾಕ್ಯ. ಕಾಲಿಗೆ ಹಾಕುವ ಕೆರ ಯಾವುದು ಗೊತ್ತಾ? ಸಮಾಧಾನದ ಸುವಾರ್ತೆ. ಅಂದರೆ ಈ ಸೈನಿಕ ಎಲ್ಲಿಗೆ ನಡೆದು ಹೋದರೂ ಸಮಾಧಾನವನ್ನು ತೊಟ್ಟೇ ಹೋಗಬೇಕು. ಇದನ್ನು ಬರೆದವನು ಆಗ ಸೆರೆಯಲ್ಲಿದ್ದ. ತಾನು ಬೇಡಿ ಹಾಕಿಸಿಕೊಂಡಿರುವ ರಾಯಭಾರಿ ಎಂದು ಅವನೇ ಅಲ್ಲಿ ಹೇಳಿಕೊಂಡಿದ್ದಾನೆ. ತನ್ನನ್ನು ಕಟ್ಟಿದ ಸರ್ಕಾರ ಬೀಳಲಿ ಅಂತ ಅವನು ಎಫೆಸದವರಿಂದ ಪ್ರಾರ್ಥನೆ ಕೇಳಲಿಲ್ಲ. ಧೈರ್ಯವಾಗಿ ಮಾತಾಡುವ ಬಾಯಿ ನನಗೆ ಸಿಗಲಿ, ಅದಕ್ಕಾಗಿ ಪ್ರಾರ್ಥಿಸಿ ಎಂದ. ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಅರಸರಿಗಾಗಿ, ಎಲ್ಲ ಅಧಿಕಾರಿಗಳಿಗಾಗಿ ಪ್ರಾರ್ಥಿಸಿ ಅಂತಲೇ ಇದೆ. ಅವರ ವಿರುದ್ಧ ಅಂತ ಇಲ್ಲ.

ಈ ಮಾತನ್ನು ನಾನು ಮುಂದಿನ ಶುಕ್ರವಾರ ಕೂಟದಲ್ಲಿ ಹೇಳಿದೆ. ಒಬ್ಬ ಹುಡುಗ, ಒಳ್ಳೆಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿಯೇ, ಎದ್ದು ನಿಂತು "ಟೀಚರ್, ಹೀಗೆ ಹೇಳಿದರೆ ನಮ್ಮವರ ನಂಬಿಕೆ ತಣ್ಣಗಾಗುತ್ತದೆ, ನಮಗೆ ಹೊಡೆದವರ ಎದುರು ನಾವು ಸುಮ್ಮನೆ ಕೂರಬೇಕಾ" ಎಂದ. ಅವನ ಸಿಟ್ಟು ಸುಳ್ಳಲ್ಲ. ಅವನ ಚಿಕ್ಕಪ್ಪನ ಹಳ್ಳಿಯಲ್ಲಿ ಕೂಟ ನಿಲ್ಲಿಸಿದ್ದಾರೆ.

ಅವನಿಗೆ ನಾನು ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳು, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ, ಮಲಗಿದ್ದ ಗಾಡಿಯಲ್ಲೇ ಸುಟ್ಟುಹೋದರು. ಒಂದು ಗುಂಪು ಬೆಂಕಿ ಹಚ್ಚಿತ್ತು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಆಸ್ಟ್ರೇಲಿಯದ ಆ ಮನುಷ್ಯ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ್ದರು. ಹೆಂಡತಿ ಗ್ಲಾಡಿಸ್‌ಗೆ ಉಳಿದದ್ದು ಮಗಳೊಬ್ಬಳು. ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ತಕ್ಷಣ ದೇಶ ಬಿಟ್ಟು ಹೋಗಲಿಲ್ಲ. ಅಲ್ಲೇ ಇದ್ದು ಅದೇ ರೋಗಿಗಳ ಕೆಲಸ ಮುಂದುವರಿಸಿದರು, ಆಸ್ಪತ್ರೆ ಕಟ್ಟಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಕೋರ್ಟು ತನ್ನ ಕೆಲಸ ಮಾಡಿತು, ಅಪರಾಧಿಗೆ ಶಿಕ್ಷೆಯಾಯಿತು. ಕ್ಷಮೆ ಅದಕ್ಕೆ ಅಡ್ಡ ಬರಲಿಲ್ಲ. ಆ ಹೆಂಗಸಿನ ಎದೆಯೊಳಗೆ ಆ ವರ್ಷಗಳಲ್ಲಿ ಎಂಥ ಹೋರಾಟ ನಡೆದಿರಬೇಕು! ರಾತ್ರಿ ರಾತ್ರಿ ಆ ಸಿಟ್ಟನ್ನು ದೇವರ ಮುಂದೆ ಇಳಿಸಿ, ಬೆಳಿಗ್ಗೆ ಎದ್ದು ಗಾಯಕ್ಕೆ ಪಟ್ಟಿ ಕಟ್ಟುವವರ ಜೊತೆ ನಿಲ್ಲುವುದು. ಪೌಲ ಹೇಳಿದ ಯುದ್ಧವನ್ನು ಮಾಡಿ ತೋರಿಸಿದವರು ಯಾರು ಅಂದರೆ ನನಗೆ ನೆನಪಾಗುವುದು ಅವರೇ. "ಸುಮ್ಮನೆ ಕೂರುವುದು ಅಂದರೆ ಇದಾ?" ಅಂತ ಆ ಹುಡುಗನನ್ನು ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಒಪ್ಪಿದ ಅಂತಲೂ ನಾನು ಹೇಳುವುದಿಲ್ಲ.

ಸಭಾಪಾಲಕರಲ್ಲಿ, ಪಾದ್ರಿಗಳಲ್ಲಿ ಒಂದು ಮಾತು. ಅಡವಿಯಲ್ಲಿ ಸೈತಾನ ಯೇಸುವಿನ ಮುಂದೆ ಇಟ್ಟ ಆಮಿಷದಲ್ಲಿ ಒಂದು, ಲೋಕದ ಎಲ್ಲ ರಾಜ್ಯಗಳ ಅಧಿಕಾರ. ಅಧಿಕಾರದ ಆಸೆ ತೋರಿಸಲು ಬಂದವನು ಸೈತಾನ. ಬೇಡ ಎಂದವನು ಯೇಸು. ಹಾಗಿರುವಾಗ ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿ "ಇವರು ದೇವರು ಆರಿಸಿದವರು" ಎಂದು ಹೇಳುವುದನ್ನು ದಯವಿಟ್ಟು ನಿಲ್ಲಿಸಿ, ಅವರು ಯಾವ ಪಕ್ಷದವರೇ ಆಗಲಿ, ನಮಗೆ ಒಳ್ಳೆಯದು ಮಾಡುವವರೇ ಆಗಲಿ. ಸಮಾರ್ಯದ ಒಂದು ಹಳ್ಳಿ ಯೇಸುವನ್ನು ಒಳಗೆ ಸೇರಿಸಲಿಲ್ಲ. ಯಾಕೋಬ, ಯೋಹಾನ ಇಬ್ಬರೂ "ಆಕಾಶದಿಂದ ಬೆಂಕಿ ಸುರಿಸಿ ಇವರನ್ನು ನಾಶ ಮಾಡೋಣವೇ" ಎಂದು ಕೇಳಿದರು. ಯೇಸು ಹಳ್ಳಿಯವರನ್ನು ಗದರಿಸಲಿಲ್ಲ. ತಿರುಗಿ ಆ ಇಬ್ಬರು ಶಿಷ್ಯರನ್ನು ಗದರಿಸಿದ. ಆಮೇಲೆ ಇನ್ನೊಂದು ಹಳ್ಳಿಗೆ ಹೋದರು, ಅಷ್ಟೇ. ಬೆಂಕಿ ಕೇಳುವ ಪ್ರಾರ್ಥನೆಗೆ ಅವನು ಕೊಟ್ಟ ಉತ್ತರ ಅದು. ಇದರ ಮೇಲೆ ಒಂದು ಭಾನುವಾರ ಬೋಧನೆ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಚುನಾವಣೆಗೆ ಮೊದಲು ಮಾಡಿ.

ನಮ್ಮ ಮನೆಯ ಕೂಟದಲ್ಲಿ ಈಗ ಮೈಕು ಇಲ್ಲ. ಹದಿನೈದು ಜನರಿಗೆ ಮೈಕು ಬೇಕಾಗಿಯೂ ಇರಲಿಲ್ಲ. ಪ್ರಾರ್ಥನೆಯಲ್ಲಿ ಪಕ್ಷದ ಹೆಸರು, ಮನುಷ್ಯರ ಹೆಸರು ತೆಗೆದರೆ ಅವರ ಒಳಿತಿಗಾಗಿ ಮಾತ್ರ ತೆಗೆಯಬೇಕು ಅಂತ ಮಾತಾಗಿದೆ. ಇಬ್ಬರು ಬರುವುದು ನಿಲ್ಲಿಸಿದ್ದಾರೆ. ಅವರ ಮನೆಗೆ ನಾನೇ ಹೋಗಿ ಕರೆಯುತ್ತೇನೆ. ನನ್ನ ತಮ್ಮನನ್ನೂ ಅಳಿಯನನ್ನೂ ಈ ತಿಂಗಳು ಒಂದು ಊಟಕ್ಕೆ ಕರೆದಿದ್ದೇನೆ.

ಪಕ್ಕದ ಮನೆಯ ತಾಯಿಗೆ ಅವತ್ತು ಅಂಗಳದಲ್ಲಿ ಸರಿಯಾಗಿ ಉತ್ತರ ಕೊಡಲಿಲ್ಲ. ನೀವಲ್ಲ ತಾಯಿ. ನೀವು ಎಂದಿಗೂ ಅಲ್ಲ. ಆ ರಾತ್ರಿ ನಮ್ಮ ಮಾತು ನಿಮ್ಮ ಕಡೆ ತಿರುಗಿತ್ತು, ಅದು ನಮ್ಮ ತಪ್ಪು, ಕ್ಷಮಿಸಿ. ಅವರ ಮನೆಗೂ ಬರುವುದು ನಿಮ್ಮ ಪತ್ರಿಕೆಯೇ, ಸಂಪಾದಕರೇ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಮೊದಲು ಈ ಪುಟವನ್ನೇ ಓದುತ್ತಾರೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ಗದಗ